ನವಿಲು ಗಡಿಯಾರ ಮತ್ತು ಜಾರುವ ಪ್ಯಾಂಟು

ಆ ಮಧ್ಯಾಹ್ನ ಆ ಮನೆಯಲ್ಲಿ ನಡೆದದ್ದರಲ್ಲೆಲ್ಲ ಅತ್ಯಂತ ಗಂಭೀರವಾದ ಘಟನೆಯೆಂದರೆ, ಮನೆಯ ಅಳಿಯ ಮತ್ತೊಮ್ಮೆ ತನ್ನ ಪ್ಯಾಂಟನ್ನು ಮೇಲಕ್ಕೆಳೆದುಕೊಂಡದ್ದು.

'ನವಿಲು' ಎಂದು ಕರೆಯುವ, ರತ್ನ ಕೂರಿಸಿದ ಬಂಗಾರದ ಕೈಗಡಿಯಾರವೊಂದು ಗಾಜಿನ ಪೆಟ್ಟಿಗೆಯೊಳಗಿಂದ ಮಾಯವಾಗಿತ್ತು, ನಿಜ. ಹಜಾರದ ತುಂಬ ಪೊಲೀಸರಿದ್ದರು. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಒಬ್ಬನನ್ನು ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ಇವೆಲ್ಲ ಯಾವ ಕಳ್ಳತನದಲ್ಲೂ ಆಗುವಂಥವು. ಪ್ಯಾಂಟಿನ ವಿಷಯ ಹಾಗಲ್ಲ.

ಅಳಿಯ ಅದನ್ನು ನಾಜೂಕಾಗಿಯೇ ಮಾಡುತ್ತಿದ್ದ. ಮೊದಲು ಕಿಟಕಿಯಾಚೆ ಏನೋ ಕಂಡವನಂತೆ ಅತ್ತ ತಿರುಗುವುದು, ಕೋಟಿನ ಅಂಚಿನಡಿಗೆ ಕೈ ತೂರಿಸುವುದು, ಸೊಂಟದ ಪಟ್ಟಿಯನ್ನು ಹಿಡಿದು ಒಂದಿಷ್ಟು ಎತ್ತುವುದು, ಆಮೇಲೆ ಕೆಮ್ಮುವುದು. ಆ ಕೆಮ್ಮಿಗೂ ಪ್ಯಾಂಟಿಗೂ ಸಂಬಂಧ ಹಚ್ಚುವವರು ಹಜಾರದಲ್ಲಿ ಒಬ್ಬರೇ ಇದ್ದರು.

ಅಕ್ಕ. ಸುಟ್ಟ ಗೋದಾಮು, ಮುಳುಗಿದ ದೋಣಿ, ಕಳುವಾಯಿತೆಂದು ಅತ್ತು ಹೇಳಿದ ಒಡವೆ, ಇವನ್ನೆಲ್ಲ ವಿಮಾ ಕಂಪನಿಗಾಗಿ ನೋಡುತ್ತಲೇ ತಲೆ ನರೆಸಿಕೊಂಡವಳು. ನಿವೃತ್ತಿಯಾದ ಮೇಲೆ ಅದನ್ನೇ ಸ್ವಂತ ಕಸುಬು ಮಾಡಿಕೊಂಡಿದ್ದಳು. ನೆರೆಯವರಿಗೆ ಅಕ್ಕ, ಬಾಡಿಗೆ ಮನೆಯ ಮಾಲೀಕನಿಗೆ ಅಕ್ಕ, ಅವಳ ಕೈಗೆ ಸಿಕ್ಕಿಬಿದ್ದವರಿಗೂ ಅಕ್ಕ. "ನನ್ನ ನವಿಲಿನ ಮೇಲೆ ಯಾರದೋ ಕಣ್ಣು ಬಿದ್ದಿದೆ, ನೀನು ಬಂದು ಜೊತೆಗೆ ಕೂತಿರು" ಎಂದು ಈ ಮನೆಯ ಯಜಮಾನಿಯೇ ಅವಳನ್ನು ಕರೆಸಿದ್ದರು. ಬಂದಳು, ಕೂತಳು, ಚಹಾ ಕುಡಿದಳು. ಅಷ್ಟರಲ್ಲಿ ನವಿಲು ಹಾರಿತ್ತು.

"ಮೇಡಂ, ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನೂ ಇಲ್ಲ," ಅಂದ ಇನ್ಸ್‌ಪೆಕ್ಟರ್. ಅವನ ಸಮವಸ್ತ್ರಕ್ಕೂ ಇಸ್ತ್ರಿಯಾಗಿತ್ತು, ಅಭಿಪ್ರಾಯಗಳಿಗೂ ಆಗಿತ್ತು. "ಗಾಜು ಒಡೆದಿಲ್ಲ. ಬೀಗ ಮುರಿದಿಲ್ಲ. ಕೀಲಿ ಇರೋದು ಎರಡು. ಒಂದು ಅಮ್ಮಾವ್ರ ಕೊರಳಲ್ಲಿ. ತಮ್ಮ ವಾಚನ್ನ ತಾವೇ ಯಾರಾದ್ರೂ ಕದೀತಾರಾ? ಇನ್ನೊಂದು ಆ ವಾಚ್ ರಿಪೇರಿಯವನ ಜೇಬಲ್ಲಿ."

"ಅವನು ನನ್ನ ತಮ್ಮ."

"ಗೊತ್ತು ಮೇಡಂ. ಅದಕ್ಕೇ ಮೊದಲು ನಿಮಗೇ ಹೇಳ್ತಿರೋದು. ಜೀಪು ಪಂಕ್ಚರ್ ಹಾಕಿಸೋಕೆ ಹೋಗಿದೆ. ಬಂದ ಕೂಡ್ಲೇ ಕರ್ಕೊಂಡು ಹೋಗ್ತೀನಿ."

"ಅವನ ಹತ್ರ ವಾಚು ಸಿಕ್ತಾ?"

"ಯಾರ ಹತ್ರಾನೂ ಸಿಕ್ಕಿಲ್ಲ. ಎಲ್ಲರ ಜೇಬು, ಬ್ಯಾಗು, ಕಾಲುಚೀಲ ಸಮೇತ ನೋಡಿದ್ವಿ. ಇಲ್ಲೇ ಎಲ್ಲೋ ಬಚ್ಚಿಟ್ಟಿದಾನೆ. ಅದಕ್ಕೂ ವ್ಯವಸ್ಥೆ ಮಾಡಿದೀನಿ, ನೋಡಿ."

ಕಿಟಕಿಯಾಚೆ ತೋಟದಲ್ಲಿ ಪೇದೆಯೊಬ್ಬ ಉದ್ದನೆಯ ಕೋಲಿನ ತುದಿಗೆ ರೊಟ್ಟಿಯಗಲದ ಅಯಸ್ಕಾಂತ ಸಿಕ್ಕಿಸಿಕೊಂಡು ಹೂಕುಂಡಗಳನ್ನು ತಡವುತ್ತಿದ್ದ. ಗ್ಯಾರೇಜಿನಲ್ಲಿ ನೆಲಕ್ಕೆ ಬಿದ್ದ ನಟ್ಟು ಬೋಲ್ಟು ಎತ್ತುವ ಸಾಮಾನು ಅದು.

"ಬಂಗಾರ ಅಯಸ್ಕಾಂತಕ್ಕೆ ಅಂಟಲ್ಲ ಇನ್ಸ್‌ಪೆಕ್ಟ್ರೇ."

"ಒಳಗೆ ಸ್ಪ್ರಿಂಗು ಗಿಂಗು ಇರುತ್ತಲ್ಲ ಮೇಡಂ."

ಅಷ್ಟು ಹೊತ್ತಿನ ಶೋಧದಲ್ಲಿ ಆ ಅಯಸ್ಕಾಂತ ಒಂದು ತುಕ್ಕು ಹಿಡಿದ ಚಮಚವನ್ನು ಬಂಧಿಸಿತ್ತು.

ಅಕ್ಕನಿಗೆ ನಗು ಬಂತು, ಆದರೆ ನಗುವ ಹೊತ್ತಲ್ಲ. ತಮ್ಮ ಒಮ್ಮೆ ಆ ಜೀಪು ಹತ್ತಿದನೆಂದರೆ ಮುಗಿಯಿತು. ನಾಳೆಯೇ ನಿರಪರಾಧಿಯೆಂದು ಬಿಟ್ಟು ಕಳಿಸಿದರೂ, ಬೆಲೆಬಾಳುವ ವಾಚನ್ನು ನಂಬಿ ಅವನ ಕೈಗಿಡುವ ಮನುಷ್ಯ ಮತ್ತೆ ಸಿಗಲಾರ. ಅವನ ಕಸುಬಿಗೆ ಬೇಕಾದ ಬಂಡವಾಳ ಒಂದು ಚಿಮಟ, ಒಂದು ಭೂತಗನ್ನಡಿ, ಒಂದು ಒಳ್ಳೆಯ ಹೆಸರು. ಮೊದಲೆರಡು ಅಂಗಡಿಯಲ್ಲಿ ಸಿಗುತ್ತವೆ.

ಜೀಪು ಬರುವುದರೊಳಗೆ ಮುಗಿಸಬೇಕು. ಮುಗಿಸುವ ಬಗ್ಗೆ ಅಕ್ಕನಿಗೆ ಅನುಮಾನವೇನೂ ಇರಲಿಲ್ಲ. ಪ್ಯಾಂಟು ಕಣ್ಣಿಗೆ ಬಿದ್ದಾಗಿತ್ತಲ್ಲ.

* * *

ಉಗ್ರಾಣದಲ್ಲಿ ತಮ್ಮ ಸಕ್ಕರೆ ಮೂಟೆಯ ಮೇಲೆ ಕೂತಿದ್ದ.

"ಅಕ್ಕ, ನಾನು ಕದ್ದಿಲ್ಲ ಕಣೇ."

"ಗೊತ್ತು. ಕದಿಯೋವಷ್ಟು ಚುರುಕಿದ್ದಿದ್ರೆ ಚಿಕ್ಕವನಿದ್ದಾಗ ಅಮ್ಮನ ಕೈಲಿ ಅಷ್ಟೊಂದು ಒದೆ ತಿಂತಿರಲಿಲ್ಲ ನೀನು."

"ತಮಾಷೆ ಮಾಡೋ ಹೊತ್ತೇನೇ ಇದು?"

"ಇದೇ ಹೊತ್ತು. ಜೀಪು ಹತ್ತಿದ ಮೇಲೆ ತಮಾಷೆ ಹೊಳೆಯಲ್ಲ. ಬೇಗ ಹೇಳು. ವಾಚಿನ ಕೋಣೆಯಿಂದ ಕೊನೆಗೆ ಬಂದಿದ್ದು ನೀನಾ?"

"ಹ್ಞೂಂ. ಚಹಾಕ್ಕೆ ಗಂಟೆ ಹೊಡೆದ್ರು. ನೆಂಟರೆಲ್ಲ ಹಜಾರಕ್ಕೆ ಹೋದ್ರು. ನಾನು ವಾಚುಗಳನ್ನೆಲ್ಲ ಪೆಟ್ಟಿಗೇಲಿಟ್ಟು, ಬೀಗ ಹಾಕಿ, ಎಳೆದು ನೋಡಿ, ಕೀಲಿ ಜೇಬಿಗೆ ಹಾಕ್ಕೊಂಡೆ. ಆ ಜೇಬಿಗೆ ಆಮೇಲೆ ಕೈ ಹಾಕಿದ್ದು ಪೊಲೀಸರೇ."

"ನವಿಲು ಆಗ ಒಳಗಿತ್ತಾ?"

"ಮೆತ್ತೆ ಮೇಲೆ ಕೂತಿತ್ತು, ಮಹಾರಾಣಿ ಥರ. ನಾನು ಮುಟ್ಟಲಿಲ್ಲ. ಮುಟ್ಟೋಕೆ ಬಿಟ್ರೆ ತಾನೇ?" ತಮ್ಮನ ದನಿ ಇದ್ದಕ್ಕಿದ್ದಂತೆ ಏರಿತು. "ಹೋದ ಚಳಿಗಾಲದಿಂದ ಅಮ್ಮಾವ್ರೇ ಅದನ್ನ ಒರೆಸ್ತಾರೆ. ಬಾಕಿ ವಾಚೆಲ್ಲ ನನ್ನ ಕೈಗೆ, ನವಿಲು ಮಾತ್ರ ಇಲ್ಲ. ನಿನ್ನ ಕೈ ಒರಟಾಗಿದೆ ಅಂತಾರೆ! ನನ್ನ ಕೈ!"

ಕಳ್ಳನೆಂದದ್ದಕ್ಕಿಂತ ಕೈ ಒರಟು ಎಂದದ್ದೇ ಅವನಿಗೆ ಹೆಚ್ಚು ನೋವಾದಂತಿತ್ತು.

"ಅದಿರ್ಲಿ. ಆ ಕೋಣೆಗೆ ಹೋಗೋವಾಗ ಜನ ಬೆಲ್ಟು ಬಿಚ್ತಾರಾ?"

ತಮ್ಮ ಅವಳನ್ನು ನೋಡಿದ ನೋಟದಲ್ಲಿ, ಒಡಹುಟ್ಟಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಸಂಕಟವಿತ್ತು. "ಬಿಚ್ಚದೆ? ವಾಚನ್ನ ಎದೆ ಹತ್ರ ಹಿಡಿದು ನೋಡ್ತಾರೆ. ಕೈ ಜಾರಿ ಹೊಟ್ಟೆಗೆ ತಾಗಿತು ಅಂದ್ರೆ ಬಕಲ್ಲು ಗೀಚುತ್ತೆ. ಬೆಲ್ಟು, ಉಂಗುರ, ಬಳೆ, ಸ್ವಂತ ವಾಚು, ಎಲ್ಲ ಬಿಚ್ಚಿ ಬಾಗಿಲ ಹೊರಗಿನ ಬುಟ್ಟೀಲಿ ಹಾಕಿ ಒಳಗೆ ಹೋಗ್ಬೇಕು. ಬರೋವಾಗ ತಗೋಬೇಕು. ಸಂಗ್ರಹ ಮಾಡೋರೆಲ್ಲ ಹೀಗೇ. ಅವರ ಮಡಿ ನಿನಗೆ ಗೊತ್ತಿಲ್ಲ ಬಿಡು. ಅಮ್ಮಾವ್ರಂತೂ ಇನ್ನೂ ಒಂದು ಕೈ ಮೇಲೆ. ತಮ್ಮ ಸ್ವಂತ ವಾಚು ಮುಟ್ಟೋಕೂ ಉಂಗುರ ತೆಗೀತಾರೆ. ನಿದ್ದೇಲಿ ಎಬ್ಬಿಸಿ ವಾಚು ಕೊಡು, ಮೊದಲು ಉಂಗುರ ತೆಗೆದು ಆಮೇಲೆ ಕಣ್ಣು ಬಿಡ್ತಾರೆ."

"ಚಹಾಕ್ಕೆ ಹೋಗೋವಾಗ ಎಲ್ಲರೂ ತಮ್ಮ ತಮ್ಮದು ತಗೊಂಡ್ರಾ?"

"ತಗೊಂಡ್ರು. ನಾನು ಬರೋವಾಗ ಬುಟ್ಟಿ ಖಾಲಿ. ಯಾಕೆ?"

"ನಿನ್ನ ಸಕ್ಕರೆ ಮೂಟೆ ಬೆಚ್ಚಗಿಟ್ಕೊಂಡು ಕೂತಿರು. ಬಂದೆ."

* * *

ದಂತವೈದ್ಯರು ಸೋಫಾದ ತುದಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದರು. ಜನರ ಹಲ್ಲು ಕಿತ್ತು ಗಳಿಸಿದ್ದನ್ನೆಲ್ಲ ವಾಚಿಗೆ ಸುರಿದ ಪುಣ್ಯಾತ್ಮರು. ಬೆಳಿಗ್ಗೆ ನೋಡಲು ಬಂದ ನೆಂಟರಿಷ್ಟರಲ್ಲಿ ಸಂಗ್ರಹದ ಹುಚ್ಚು ನಿಜವಾಗಿ ಹತ್ತಿದ್ದು ಇಬ್ಬರಿಗೇ: ಒಬ್ಬರು ಇವರು, ಇನ್ನೊಬ್ಬ ಮನೆಯ ಅಳಿಯ. ಉಳಿದವರು ಕೇಕಿಗಾಗಿ ಬಂದವರು.

"ಡಾಕ್ಟ್ರೇ, ಒಂದು ದಡ್ಡ ಪ್ರಶ್ನೆ. ಆ ನವಿಲು ಟೈಮ್ ಸರಿಯಾಗಿ ತೋರಿಸುತ್ತಾ?"

"ಟೈಮಾ?" ಡಾಕ್ಟರಿಗೆ ಪ್ರಶ್ನೆಯೇ ಹೊಸದು. "ಟೈಮ್ ನೋಡೋಕೆ ಮೊಬೈಲಿದೆಯಲ್ಲ ಮೇಡಂ."

"ಮತ್ತೆ ಯಾಕೆ ಅಷ್ಟೊಂದು ಹಾತೊರೀತೀರಿ?"

ಡಾಕ್ಟರು ಮೊಬೈಲು ಕೆಳಗಿಟ್ಟರು. ಅವರ ಮುಖದಲ್ಲಿ, ಮೊದಲ ಪ್ರೇಮದ ಬಗ್ಗೆ ಯಾರೋ ಕೇಳಿದಂಥ ಬೆಳಕು.

"ವಜ್ರ ಕೂರಿಸಿರೋ ವಾಚು ಬೇಕಾದಷ್ಟಿವೆ. ದುಡ್ಡಿದ್ದೋನು ಅಂಗಡಿಗೆ ಹೋಗಿ ತರ್ತಾನೆ, ಅದರಲ್ಲೇನಿದೆ? ನವಿಲು ಹಾಗಲ್ಲ. ಮುಖದ ಸುತ್ತ ನೀಲಮಣಿಗಳು, ಕಡ್ಡಿ ಥರ ಕೊಯ್ದು ಸಾಲಾಗಿ ಕೂರಿಸಿದ್ದು. ಮೇಲೆ ಹನ್ನೆರಡರ ಹತ್ರ ಕಡುನೀಲಿ. ಅಲ್ಲಿಂದ ಒಂದೊಂದು ಕಲ್ಲಿಗೂ ಒಂದೊಂದೇ ಎಳೆ ಬಣ್ಣ ತಿರುಗ್ತಾ ತಿರುಗ್ತಾ, ಕೆಳಗೆ ಆರರ ಹತ್ರ ಬರೋವಾಗ ಎಳೇ ಹಸಿರು. ಆ ಕಡೆಯಿಂದ ಮತ್ತೆ ನೀಲಿ. ನೀಲಿ ಎಲ್ಲಿ ಮುಗೀತು, ಹಸಿರು ಎಲ್ಲಿ ಶುರುವಾಯ್ತು, ಬೆರಳಿಟ್ಟು ತೋರಿಸಿ ನೋಡೋಣ! ಆಗಲ್ಲ. ಯಾರೋ ಬಣ್ಣ ಹಾಕಿದ್ದಲ್ಲ ಅದು. ನೆಲದೊಳಗಿಂದ ಹಾಗೇ ಬಂದಿದ್ದು."

"ಅಷ್ಟು ಕಲ್ಲು ಹೊಂದಿಸೋದು ಕಷ್ಟ ಅಲ್ವಾ?"

"ಕಷ್ಟ ಅಂತೀರಾ? ಒಂದೇ ಒಂದು ಕಲ್ಲಿನ ಬಣ್ಣ ಕೂಡಲಿಲ್ಲ ಅಂತ ಕೆಲಸ ನಿಲ್ಲಿಸಿ ವರ್ಷಗಟ್ಟಲೆ ಕಾಯ್ತಿದ್ರಂತೆ. ಕೊನೆಗೆ, ಸಾಕಪ್ಪಾ ಸಹವಾಸ ಅಂತ ಮಾಡೋದನ್ನೇ ಬಿಟ್ರು. ಇರೋದು ಬೆರಳೆಣಿಕೆ. ಸಂಗ್ರಹ ಮಾಡೋನಿಗೆ ಬೇಕಾಗಿರೋದು ಕಲ್ಲಲ್ಲ ಮೇಡಂ, ಆ ಕಾದಿದ್ದು. ಇನ್ಯಾರ ಹತ್ರಾನೂ ಇಲ್ಲದ ತಾಳ್ಮೆ ನನ್ನ ಬೀರುವಿನಲ್ಲಿದೆ ಅನ್ನೋ ಸುಖ." ಡಾಕ್ಟರು ನಿಟ್ಟುಸಿರು ಬಿಟ್ಟರು. "ಬದುಕೆಲ್ಲ ಬಾಯೊಳಗೆ ನೋಡಿಕೊಂಡು ಬಂದೋನು ನಾನು. ಅಷ್ಟು ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡು, ಒಂದೂ ಆಚೀಚೆ ವಾಲದ ಸಾಲನ್ನ ದೇವರು ಕೂಡ ಯಾರಿಗೂ ಕೊಟ್ಟಿಲ್ಲ."

"ಇವತ್ತು ಕೈಲಿ ಹಿಡಿದು ನೋಡಿದ್ರಾ?"

"ಎಲ್ಲಿ! ಬೇರೆಲ್ಲ ಕೊಟ್ರು. ನವಿಲು ಮಾತ್ರ ಗಾಜಿನಾಚೆಯಿಂದ್ಲೇ. ನಾಳೆ ಮ್ಯೂಸಿಯಂನಿಂದ ರತ್ನ ಪರೀಕ್ಷೆ ಮಾಡೋರು ಬರ್ತಾರೆ, ಅಮ್ಮಾವ್ರು ಅದನ್ನ ಮ್ಯೂಸಿಯಂಗೇ ಕೊಟ್ಟುಬಿಡ್ತಾರಂತೆ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ ಅಂದ್ರು. ಅಳಿಯಂದಿರ ಮುಖ ನೀವು ನೋಡಬೇಕಿತ್ತು! ಮಗುವಿನ ಕೈಯಿಂದ ಗಿಲಕಿ ಕಿತ್ಕೊಂಡ ಹಾಗಾಗಿತ್ತು."

"ನೋಡೋಣ. ಚಹಾದ ಹೊತ್ತಲ್ಲಿ ನೀವು ಫೋಟೊ ತೆಗೀತಿದ್ರಲ್ಲ?"

"ಅದು ನನ್ನ ಚಟ. ಯಾರಾದ್ರೂ ಬಾಯಿ ತುಂಬ ನಕ್ರೆ ಸಾಕು, ತೆಗೆದುಬಿಡ್ತೀನಿ."

ಡಾಕ್ಟರು ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿ ಒಂದು ಚಿತ್ರ ತೋರಿಸಿದರು. ಹಿಂದೆ ಚಹಾದ ಮೇಜು, ಕತ್ತರಿಸಿದ ಕೇಕು. ಮುಂದೆ ಕೋಟಿನ ಗುಂಡಿ ಬಿಚ್ಚಿಕೊಂಡು, ಕಪ್ಪು ಹಿಡಿದು, ಅಳಿಯ ನಗುತ್ತಿದ್ದ. ಸೊಂಟದಲ್ಲಿ ಮುಷ್ಟಿಗಾತ್ರದ ಬೆಳ್ಳಿ ಬಕಲ್ಲು. ಅದರ ಮೇಲೆ ಕುದುರೆಯ ತಲೆ.

"ಮೇಲಿನ ಎಡಗಡೆ ಕೋರೆಹಲ್ಲು ನೋಡಿ ಮೇಡಂ, ಸ್ವಲ್ಪ ಓರೆ."

"ನಾನು ಸ್ವಲ್ಪ ಕೆಳಗೆ ನೋಡ್ತಿದೀನಿ ಡಾಕ್ಟ್ರೇ. ಇದನ್ನ ನನಗೊಂದು ಕಳಿಸಿ."

* * *

ವಾಚಿನ ಕೋಣೆಗೆ ಎರಡು ಬಾಗಿಲು. ಒಂದು ಓಣಿಯಂಥ ನಡುಮನೆಗೆ ತೆರೆಯುತ್ತದೆ, ಬುಟ್ಟಿಯಿರುವುದು ಅಲ್ಲಿ. ಇನ್ನೊಂದು ಯಜಮಾನಿಯ ಬಟ್ಟೆ ಬದಲಿಸುವ ಕೋಣೆಗೆ. ಆ ಕೋಣೆಯಿಂದ ಹಿಂದಿನ ವರಾಂಡ ಹಿಡಿದು ಹಜಾರಕ್ಕೆ ಬರಬಹುದು.

ಬುಟ್ಟಿಯ ಪಕ್ಕ ಪೇದೆಯೊಬ್ಬ ನಿಂತಿದ್ದ. ಗೇಟಿನ ಕಾವಲಿಗಿದ್ದವನು ಕಳುವಿನ ಕೂಗೆದ್ದ ಗಳಿಗೆಯಲ್ಲೇ ಇಲ್ಲಿಗೆ ಬಂದು ನಿಂತೆ, ಆಮೇಲೆ ಅಲುಗಿಲ್ಲ ಎಂದ. ಬೆತ್ತದ ಬುಟ್ಟಿ, ಒಳಗೆ ಮೆತ್ತನೆಯ ಫ್ಲಾನಲ್ ಬಟ್ಟೆ. ಅದರ ಮೇಲೆ ಸುರುಳಿ ಸುತ್ತಿ ಮಲಗಿದ ಹಾವಿನಂತೆ ಒಂದು ಬೆಲ್ಟು. ಕುದುರೆ ತಲೆ ಮೇಲಕ್ಕೆ ನೋಡುತ್ತಿತ್ತು.

"ಇದು ಯಾರದಪ್ಪಾ?"

"ಗೊತ್ತಿಲ್ಲ ಮೇಡಂ. ಸಾಹೇಬರು ವಾಚು ಹುಡುಕಿ ಅಂದಿದ್ರು. ಬೆಲ್ಟಿನ ಬಗ್ಗೆ ಏನೂ ಹೇಳಿಲ್ಲ."

ಅಕ್ಕ ಬೆಲ್ಟನ್ನು ಎತ್ತಿ ಮಡಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಹೊರಗೆ ರಸ್ತೆಯಲ್ಲಿ ಜೀಪಿನ ಹಾರ್ನು ಕೇಳಿಸಿತು.

* * *

ಹಜಾರದಲ್ಲಿ ಯಜಮಾನಿ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತು ಎರಡನೆಯ ಸಲದ ಚಹಾ ಕುಡಿಯುತ್ತಿದ್ದರು. ಮೈಮೇಲಿನ ಶಾಲು ಒಂದು ಮಡಿಕೆಯೂ ಕದಲಿರಲಿಲ್ಲ. ಬೆರಳಲ್ಲಿ ಅಗಲವಾದ ವಜ್ರದ ಉಂಗುರ, ಮಣಿಕಟ್ಟಿನಲ್ಲಿ ಎರಡು ಬಳೆ. ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡ.

"ಒಂದು ನಿಮಿಷ," ಅಂದಳು ಅಕ್ಕ. "ನೀವು ಕರ್ಕೊಂಡು ಹೋಗಬೇಕಾದೋರು ಉಗ್ರಾಣದಲ್ಲಿಲ್ಲ. ಅಳಿಯಂದಿರೇ, ಸ್ವಲ್ಪ ಕೈ ಮೇಲೆತ್ತಿ."

"ಯಾಕೆ?"

"ಸುಮ್ನೆ. ಸೋಮಾರಿತನ ಬಿಡಿಸ್ಕೊಳ್ಳಿ. ಎರಡೂ ಕೈ."

ಅಳಿಯ ಒಂದು ಕೈಯನ್ನು ಎತ್ತಿದ. ಇನ್ನೊಂದು ಕೋಟಿನಡಿಯೇ ಉಳಿಯಿತು.

"ಇನ್ನೊಂದು?"

"ಏನ್ರೀ ಇದು ನಾಟಕ? ನಾನು ಈ ಮನೆ ಅಳಿಯ!"

"ಅಳಿಯ ಅನ್ನೋದಕ್ಕೇ ಮರ್ಯಾದೆಯಿಂದ ಕೇಳ್ತಿದೀನಿ. ಇಲ್ದಿದ್ರೆ ಇಷ್ಟೊತ್ತಿಗೆ ಪ್ಯಾಂಟೇ ಎಲ್ಲ ಹೇಳಿಬಿಡ್ತಿತ್ತು." ಅಕ್ಕ ಕೈಚೀಲದಿಂದ ಬೆಲ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮದೇ ಅಲ್ವಾ?"

ಅಳಿಯ ಕುದುರೆಯನ್ನು ನೋಡಿದ. ಕುದುರೆ ಅಳಿಯನನ್ನು ನೋಡಿತು.

"ಹೌದು... ನಂದೇ. ಅದರಲ್ಲೇನು? ಬೆಳಿಗ್ಗೆ ಎಲ್ಲರ ಜೊತೆ ವಾಚು ನೋಡೋಕೆ ಹೋದಾಗ ಬಿಚ್ಚಿಟ್ಟಿದ್ದೆ. ಬರೋವಾಗ ಮರೆತೆ."

"ಮರೆತ್ರಾ?"

"ಮರೆಯಬಾರದು ಅಂತ ಕಾನೂನಿದೆಯಾ?"

"ಡಾಕ್ಟ್ರೇ, ಆ ಫೋಟೊ ಇನ್ಸ್‌ಪೆಕ್ಟ್ರಿಗೆ ತೋರಿಸಿ. ಅವರ ಹಲ್ಲು ಬಿಟ್ಟು ಬೇರೆ ಏನು ಕಾಣುತ್ತೆ ಹೇಳ್ಲಿ."

ಇನ್ಸ್‌ಪೆಕ್ಟರ್ ಚಿತ್ರವನ್ನು ಹಿಗ್ಗಿಸಿದ. ಕೇಕು ಕಂಡಿತು. ಚಹಾ ಕಂಡಿತು. ಕುದುರೆ ಕಂಡಿತು. ಇಸ್ತ್ರಿ ಮಾಡಿದ ಅಭಿಪ್ರಾಯದಲ್ಲಿ ಮೊದಲ ಸುಕ್ಕು ಮೂಡಿತು.

"ಚಹಾ ಕುಡಿಯೋವಾಗ ಬೆಲ್ಟು ಸೊಂಟದಲ್ಲಿತ್ತು," ಅಂದಳು ಅಕ್ಕ. "ಕಳುವಾಯ್ತು ಅಂತ ಕೂಗೆದ್ದಾಗ ಬುಟ್ಟೀಲಿತ್ತು. ಅಂದ್ರೆ ನಡುವೆ ನೀವು ಮತ್ತೆ ಆ ಕೋಣೆಗೆ ಹೋಗಿದ್ರಿ, ಒಬ್ರೇ. ಬೇರೆ ಕಳ್ಳನಾಗಿದ್ರೆ ಬಾಗಿಲು ತಳ್ಳಿ ನುಗ್ತಿದ್ದ, ಬಾಚಿಕೊಂಡು ಹೋಗ್ತಿದ್ದ. ನೀವು ಹಾಗೆ ಮಾಡಲಿಲ್ಲ. ಕದಿಯೋಕೆ ಹೋದೋರು ಮೊದಲು ಬೆಲ್ಟು ಬಿಚ್ಚಿ, ಸುತ್ತಿ, ಬುಟ್ಟೀಲಿಟ್ರಿ. ಯಾಕೆ? ಕದ್ದ ಮಾಲಿಗೆ ಗೀರು ಬೀಳಬಾರದಲ್ಲ!"

ದಂತವೈದ್ಯರು ತಮಗರಿವಿಲ್ಲದೆ ತಲೆಯಾಡಿಸಿದರು. ಅವರ ಮುಖದಲ್ಲಿ ಮೆಚ್ಚುಗೆಯಿತ್ತು, ಅಕ್ಕನ ಬಗ್ಗೆಯೋ ಅಳಿಯ ಪಾಲಿಸಿದ ಶಿಸ್ತಿನ ಬಗ್ಗೆಯೋ ಹೇಳುವುದು ಕಷ್ಟ.

"ಎತ್ಕೊಂಡ ಮೇಲೆ ನಡುಮನೇಲಿ ಯಾರದೋ ಹೆಜ್ಜೆ ಕೇಳಿಸಿರಬೇಕು. ಬುಟ್ಟಿ ಕಡೆ ಬರೋ ಹಾಗಿಲ್ಲ. ಇನ್ನೊಂದು ಬಾಗಿಲಿಂದ ನಿಮ್ಮತ್ತೆಯವರ ಬಟ್ಟೆ ಕೋಣೆಗೆ ಹೋದ್ರಿ, ಹಿಂದಿನಿಂದ ಹಜಾರಕ್ಕೆ ಬಂದ್ರಿ. ಅಷ್ಟರಲ್ಲಿ ಬುಟ್ಟಿ ಹತ್ರ ಪೊಲೀಸ್. ಆಗಿಂದ ಪ್ಯಾಂಟು ಹಿಡ್ಕೊಂಡೇ ನಿಂತಿದೀರಿ."

"ಕಥೆ ಚೆನ್ನಾಗಿದೆ," ಅಂದ ಅಳಿಯ. "ವಾಚೆಲ್ಲಿ? ನನ್ನ ಮೈಯೆಲ್ಲ ತಡಕಿದಾರೆ. ವಾಚು ತೋರಿಸಿ, ಆಮೇಲೆ ಮಾತಾಡಿ."

"ಅದೂ ನ್ಯಾಯವೇ," ಅಂದಳು ಅಕ್ಕ. ಕಿಟಕಿಯ ಬಳಿ ಹೋಗಿ ತೋಟದಲ್ಲಿದ್ದ ಪೇದೆಯನ್ನು ಕೂಗಿ ಕರೆದಳು. ಅವನು ಕೋಲನ್ನು ಭುಜದ ಮೇಲಿಟ್ಟುಕೊಂಡು, ಚಮಚ ನೇತಾಡಿಸುತ್ತ ಒಳಗೆ ಬಂದ. "ಅಪ್ಪಾ, ಆ ಬಟ್ಟೆ ಕೋಣೇಲಿ ಒಂದು ಬೀರು ಇದೆ. ಒಂದು ಖಾನೇನೂ ಬಿಡಬೇಡ. ಅಯಸ್ಕಾಂತವನ್ನ ಪ್ರತಿಯೊಂದು ಬಟ್ಟೆಗೂ ಒತ್ತಿ ಒತ್ತಿ ತಿರುಗಿಸು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ."

ದಂತವೈದ್ಯರ ಬಾಯಿ ತೆರೆದುಕೊಂಡಿತು. "ಅಯಸ್ಕಾಂತಾನಾ?"

ಯಜಮಾನಿ ಕಪ್ಪನ್ನು ತಟ್ಟೆಯ ಮೇಲಿಟ್ಟರು. "ಬೀರುವಿನ ಬಾಗಿಲು ಗೀಚದ ಹಾಗೆ ನೋಡ್ಕೊಳ್ಳಪ್ಪ," ಅಂದರು. "ಮೊನ್ನೆ ತಾನೇ ಪಾಲಿಶ್ ಮಾಡಿಸಿದ್ದು."

ಪೇದೆ ಹೊರಟ. ಪೇದೆಯ ಬೂಟಿನ ಸದ್ದು ವರಾಂಡ ದಾಟಿತು. ಅಳಿಯನ ಹಣೆಯಲ್ಲಿ ಬೆವರು ಒಡೆಯಿತು. ಬಟ್ಟೆ ಕೋಣೆಯ ಬಾಗಿಲು ಕಿರ್ರೆಂದಿತು.

"ನಿಲ್ಲಿಸಿ!"

ಕೂಗಿದ್ದು ಅಳಿಯ. ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು ವರಾಂಡದತ್ತ ಓಡಿದ್ದೂ ಅಳಿಯನೇ.

"ನಿಲ್ಲಿಸ್ರೀ! ಒಳಗಿನ ಸ್ಪ್ರಿಂಗು ಕೂದಲಿಗಿಂತ ತೆಳು! ಅಯಸ್ಕಾಂತ ಹಿಡಿದ್ರೆ ಎಲ್ಲ ಹಾಳಾಗುತ್ತೆ! ನಿಮಗೆ ಮನುಷ್ಯತ್ವ ಇದೆಯೇನ್ರೀ?"

ಅವನ ಹಿಂದೆ ಎಲ್ಲರೂ ಓಡಿದರು, ಯಜಮಾನಿಯೊಬ್ಬರನ್ನು ಬಿಟ್ಟು.

ಬೀರುವಿನ ಕೆಳಗಿನ ಖಾನೆ. ಚಳಿಗಾಲದ ಉಣ್ಣೆ. ಪೊಲೀಸರು ಒಮ್ಮೆ ಅದನ್ನು ಎತ್ತಿ ಕೆಳಗೆ ನೋಡಿದ್ದರು, ಒಳಗೆ ನೋಡಿರಲಿಲ್ಲ. ಅಳಿಯ ಮಂಡಿಯೂರಿ ಕೂತು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಬೂದುಬಣ್ಣದ ಕೈಗವಸೊಂದನ್ನು ಮಲಗಿದ ಮಗುವನ್ನು ಎತ್ತುವಂತೆ ಎತ್ತಿದ. ಹೆಬ್ಬೆರಳಿನ ಬುಡದಿಂದ ನವಿಲು ಹೊರಬಂತು.

ಕಡುನೀಲಿ, ನೀಲಿ, ಸಮುದ್ರದ ನೀಲಿ, ಎಳೆ ಹಸಿರು. ಪೇದೆ ಕೂಡ ಉಸಿರು ಬಿಗಿಹಿಡಿದ. ಅಕ್ಕನಿಗೂ ಒಂದು ಕ್ಷಣ, ಇಷ್ಟು ಚೆಲುವಾದದ್ದಕ್ಕೆ ಒಂದು ಪ್ಯಾಂಟಿನ ಮಾನ ಹೆಚ್ಚೇನಲ್ಲ ಅನ್ನಿಸಿತು.

"ಮಾರೋಕಲ್ಲ ಅಕ್ಕ," ಅಂದ ಅಳಿಯ. ನೆಲದ ಮೇಲೇ ಕೂತಿದ್ದ. ಅವನೂ ಈಗ ಅವಳನ್ನು ಅಕ್ಕ ಎನ್ನತೊಡಗಿದ್ದ. "ಆಣೆ, ಮಾರೋಕಲ್ಲ. ನಾಳೆ ಮ್ಯೂಸಿಯಂ ಸೇರಿಬಿಟ್ರೆ ಟಿಕೆಟ್ ತಗೊಂಡು ಹೋಗಿ ನೋಡ್ಬೇಕು, ಶಾಲೆ ಮಕ್ಕಳ ಜೊತೆ ಸಾಲಲ್ಲಿ ನಿಂತು. ಮದುವೆಯಾದಾಗಿಂದ ಕೇಳ್ತಿದೀನಿ, ಒಂದೇ ಒಂದು ಸಲ ಕೈಗೆ ಕೊಡಿ ಅತ್ತೆ ಅಂತ. ಕೊಡಲಿಲ್ಲ."

"ಬೀಗ ಹೇಗೆ ತೆಗೆದೆ?" ಇನ್ಸ್‌ಪೆಕ್ಟರ್ ಈಗ ಏಕವಚನಕ್ಕೆ ಇಳಿದಿದ್ದ.

"ತೆಗೆದಿಲ್ಲ. ಇನ್ನೊಂದು ಸಲ ನೋಡ್ಕೊಂಡು ಬರೋಣ ಅಂತ ಹೋದೆ, ಅಷ್ಟೇ. ಪೆಟ್ಟಿಗೆ ಬಾಗಿಲು ತೆರೆದೇ ಇತ್ತು. ತೆರೆದಿರೋದು ನೋಡಿ ಕೈ ತಡೀಲಿಲ್ಲ."

"ಎಲ್ಲ ಕಳ್ಳರೂ ಹಾಗೇ ಅನ್ನೋದು. ನಡಿ."

"ಬೆಲ್ಟು ಕೊಡಿ ಅವರಿಗೆ," ಅಂದಳು ಅಕ್ಕ. "ಜೀಪು ಹತ್ತೋಕೆ ಕಾಲೆತ್ತಬೇಕಾಗುತ್ತೆ."

* * *

ಉಗ್ರಾಣದ ಚಿಲಕ ತೆಗೆದರು. ತಮ್ಮ ಬಟ್ಟೆಗಂಟಿದ ಸಕ್ಕರೆ ಕೊಡವಿಕೊಂಡು ಹಜಾರಕ್ಕೆ ಬಂದ. ಇನ್ಸ್‌ಪೆಕ್ಟರ್ ಕೆಮ್ಮಿ, "ಏನೂ ತಿಳ್ಕೋಬೇಡಿ" ಅಂದ. ತಮ್ಮ, "ನಿಮ್ಮ ಕೈಗಡಿಯಾರ ಹಿಂದೆ ಬಿದ್ದಿದೆ ಸಾರ್, ತಂದುಕೊಡಿ, ಸರಿ ಮಾಡ್ತೀನಿ" ಅಂದ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು.

ಅಕ್ಕನ ತಲೆಯಲ್ಲಿ ಮಾತ್ರ ಒಂದು ಎಳೆ ಸಿಕ್ಕಾಗಿ ಉಳಿದಿತ್ತು. ತಮ್ಮ ಬೀಗ ಹಾಕಿ ಎಳೆದು ನೋಡಿದ್ದ. ತಮ್ಮನ ಕೈ ತಪ್ಪುವ ಕೈಯಲ್ಲ. ಅಳಿಯ ಸೋತು ಕೂತಾಗ ಸುಳ್ಳು ಹೇಳುವ ಮನುಷ್ಯನಲ್ಲ. ಹಾಗಾದರೆ ಆ ಪೆಟ್ಟಿಗೆಯನ್ನು ತೆರೆದಿಟ್ಟವರು ಯಾರು? ಕೀಲಿಗಳು ಎರಡೇ.

"ತಗೊಳ್ಳಿ ಅಮ್ಮಾವ್ರೇ," ಎಂದು ಇನ್ಸ್‌ಪೆಕ್ಟರ್ ಕೈಗವಸಿನ ಮೇಲೆ ಮಲಗಿದ್ದ ನವಿಲನ್ನು ಯಜಮಾನಿಯ ಮುಂದೆ ಚಾಚಿದ. "ಒಂದು ಗೀರೂ ಇಲ್ಲ. ನಾಳೆ ಪರೀಕ್ಷೆ ಮಾಡೋರು ಬಂದ್ರೆ ಧೈರ್ಯವಾಗಿ ತೋರಿಸಿ."

"ಓ. ಸಿಕ್ಕಿತಾ?" ಅಂದರು ಯಜಮಾನಿ. ಮರೆತು ಬಿಟ್ಟ ಛತ್ರಿಯನ್ನು ನೆರೆಮನೆಯವರು ತಂದುಕೊಟ್ಟಾಗ ಹೇಳುವ ದನಿ. ಕೈ ಚಾಚಿ, ಬಾಳೆಹಣ್ಣು ಎತ್ತಿಕೊಂಡಂತೆ ನವಿಲನ್ನು ಎತ್ತಿಕೊಂಡರು. ಬಳೆಗಳು ಸಾಲು ನೀಲಮಣಿಗಳ ಮೇಲೆ ಕರಕರ ಉಜ್ಜಿದವು. ಅಗಲವಾದ ವಜ್ರದ ಉಂಗುರ ಮುಖದ ಗಾಜಿಗೆ ಟಕ್ಕೆಂದು ತಾಗಿತು.

ದಂತವೈದ್ಯರು ಕಣ್ಣು ಮುಚ್ಚಿಕೊಂಡರು.

ತಮ್ಮ ಮೆಲ್ಲನೆ ಅಕ್ಕನ ತೋಳು ಹಿಡಿದ. "ಅಕ್ಕ," ಅಂದ ಕಿವಿಯ ಬಳಿ. "ಉಂಗುರ."

"ನೋಡಿದೆ."

ನಿದ್ದೆಯಲ್ಲಿ ಎಬ್ಬಿಸಿದರೂ ಮೊದಲು ಉಂಗುರ ತೆಗೆಯುವ ಕೈ ಅದು. ತಾನು ಹಿಡಿದಿರುವುದು ನಕಲಿ ಎಂದು ಆ ಕೈಗೆ ಚೆನ್ನಾಗಿ ಗೊತ್ತಿತ್ತು. ಹೋದ ಚಳಿಗಾಲದಿಂದಲೂ ಗೊತ್ತಿತ್ತು. ಅದಕ್ಕೇ ಅದನ್ನು ತಮ್ಮನಿಗೆ ಮುಟ್ಟಗೊಟ್ಟಿರಲಿಲ್ಲ. ಅದಕ್ಕೇ ಪರೀಕ್ಷೆಯ ಹಿಂದಿನ ದಿನ ಮನೆ ತುಂಬ ಜನ ಕರೆದು, ಸಾಕ್ಷಿಗೆಂದು ಅಕ್ಕನನ್ನೂ ಕರೆದು, ಯಾರಾದರೂ ಕದಿಯಲೆಂದು ಪೆಟ್ಟಿಗೆ ತೆರೆದಿಡಲಾಗಿತ್ತು.

ಯಜಮಾನಿ ತಲೆಯೆತ್ತಿ ಅಕ್ಕನನ್ನು ನೋಡಿದರು. ನಕ್ಕರು. ಆಮೇಲೆ ಅಕ್ಕನ ನೋಟ ಎಲ್ಲಿದೆಯೆಂದು ಹುಡುಕಿ, ತಮ್ಮ ಬೆರಳ ಕಡೆಗೆ ತಾವೂ ನೋಡಿಕೊಂಡರು. ನಗು ಹಾಗೇ ನಿಂತಿತು.

ಹೊರಗೆ ಜೀಪು ಹೊರಟಿತು. ತಮ್ಮ ಬಿಡುಗಡೆಯಾದ, ಅಳಿಯ ಬಂಧಿಯಾದ, ನವಿಲು ಸಿಕ್ಕಿರಲಿಲ್ಲ.